ಮಿದುಳಿನ ಮಾದರಿಯ ಯಂತ್ರಗಳೂ ನಮ್ಮ ತೋಟದ ಮಳೆಮಾಪಕಗಳೂ

ಮಳೆಗಾಲದ ಬೆಳಿಗ್ಗೆ ನಮ್ಮ ಕಡೆ ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮ ಸಮಾಚಾರಕ್ಕೆ ಮೊದಲು ಮಳೆಯ ಲೆಕ್ಕ ವಿನಿಮಯವಾಗುತ್ತದೆ. "ನಿಮ್ಮಲ್ಲಿ ಎಷ್ಟು?" ಎಂದು ಒಬ್ಬರು ಕೇಳುವಷ್ಟರಲ್ಲಿ "ಮೂರು ಇಂಚು ನಲವತ್ತು ಸೆಂಟು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಳೆಮಾಪಕವಿಲ್ಲದ ಕಾಫಿ ತೋಟ ನಮ್ಮಲ್ಲಿ ಅಪರೂಪ. ಅಡಿಕೆ ಬೆಳೆಗಾರರೂ ಈಗೀಗ ಇಡತೊಡಗಿದ್ದಾರೆ. ಕೆಲವು ಹಳೆಯ ಮನೆಗಳಲ್ಲಿ ಮೂರು ತಲೆಮಾರಿನ ಮಳೆ ಪುಸ್ತಕಗಳನ್ನು ಗೆದ್ದಲು ಹಿಡಿಯದಂತೆ ಕಾದಿಟ್ಟಿರುವುದುಂಟು. ಆದರೆ ಈ ಅಂಕಿಗಳೆಲ್ಲ ಆಯಾ ಮನೆಯ ಪುಸ್ತಕದಲ್ಲೇ ಉಳಿದುಬಿಡುತ್ತವೆ. ಗುಡ್ಡದ ನೆತ್ತಿಯಲ್ಲಿ ರಾತ್ರಿ ಎಷ್ಟು ಸುರಿಯಿತೆಂಬುದು ಹಳ್ಳದ ಬದಿಯವರಿಗೆ ತಿಳಿಯುವುದು ಕೆಂಪು ನೀರು ಅಂಗಳಕ್ಕೆ ಬಂದ ಮೇಲೆಯೇ.

ಹೀಗೆ ಚೆದುರಿ ಬಿದ್ದ ನೂರಾರು ಅಂಕಿಗಳನ್ನು ಒಂದು ಅರಿವಾಗಿ ಕೂಡಿಸುವುದು ಹೇಗೆ ಎಂಬ ವಿಷಯದಲ್ಲಿ ವಿಜ್ಞಾನಿಗಳು ಕಳೆದ ಕೆಲವು ದಶಕಗಳಿಂದ ದುಡಿಯುತ್ತಿದ್ದಾರೆ. ಮಿದುಳಿನ ರಚನೆಯನ್ನು ಅನುಸರಿಸಿ ಕಟ್ಟಿದ ಗಣಕಯಂತ್ರಗಳು, ಸೆನ್ಸರ್ ಎಂದು ಕರೆಯುವ ಸಂವೇದಕಗಳ ಜಾಲಗಳು, ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತಿದೆ. ನಮ್ಮ ಕೆಲವು ಸದಸ್ಯರು ಕಛೇರಿಗೆ ಬಂದಾಗ ಇದನ್ನು ವಿಚಾರಿಸಿದ್ದೂ ಉಂಟು. ಕಾಫಿ ಅಡಿಕೆಯ ಪತ್ರಿಕೆಯಲ್ಲಿ ಇದೇಕೆ ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕಾಗಿ ವಿನಂತಿ. ಈ ವರ್ಷದ ಮಹಾಸಭೆಯಲ್ಲಿ ಸದಸ್ಯರು ತೀರ್ಮಾನಿಸಬೇಕಾದ ಒಂದು ವಿಷಯಕ್ಕೂ ಇದಕ್ಕೂ ನೇರ ಸಂಬಂಧವಿದೆ.

ಮೊದಲು, ಅಳತೆ ಬೇರೆ, ಗ್ರಹಿಕೆ ಬೇರೆ ಎಂಬುದನ್ನು ತಿಳಿಯಬೇಕು. ತೋಟದಲ್ಲಿ ಹೋಗುವಾಗ ಒಂದು ಅರೇಬಿಕಾ ಗಿಡದ ಎಲೆ ಹಳದಿಯಾಗಿ ಬಾಡಿದಂತೆ ಕಾಣುತ್ತದೆ. ಅದಷ್ಟನ್ನೇ ನೋಡಿದರೆ ಬೇರಿನ ತೊಂದರೆ ಇರಬಹುದು, ಗೊಬ್ಬರದ ಕೊರತೆ ಇರಬಹುದು. ಹತ್ತಿರ ಹೋಗಿ ಕಾಂಡ ಸವರಿದರೆ ಕೈಗೆ ಉಬ್ಬಿದ ಗೆರೆ ತಾಗುತ್ತದೆ. ಹೋದ ವರ್ಷ ಅದೇ ಭಾಗದಲ್ಲಿ ಮರಗಸಿ ಹೆಚ್ಚಾಗಿ ಬಿಸಿಲು ಬಿದ್ದದ್ದು ನೆನಪಿಗೆ ಬರುತ್ತದೆ. ಆ ಕ್ಷಣದಲ್ಲಿ "ಇದು ಬೋರರ್" ಎಂದು ಮನಸ್ಸು ಹೇಳಿಬಿಡುತ್ತದೆ. ಕಣ್ಣಾಗಲಿ, ಬೆರಳಾಗಲಿ, ನೆನಪಾಗಲಿ ಒಂಟಿಯಾಗಿ ಹಾಗೆ ಹೇಳಲಾರದು. ಮೂರೂ ಕೂಡಿದಲ್ಲಿ ಗ್ರಹಿಕೆ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ, ನಾವು 'ಕಾಣುವುದು' ಎಂದುಕೊಂಡಿರುವುದು ನಿಜಕ್ಕೂ ನಮಗರಿವಿಲ್ಲದೆ ಮಾಡುವ ಒಂದು ಊಹೆ ಎಂದಿದ್ದನು.

ಈ ಕೆಲಸ ನಡೆಸುವ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು ಲೆಕ್ಕ. ಅಷ್ಟಕ್ಕೂ ತಗಲುವ ಶಕ್ತಿ 20 ವ್ಯಾಟ್ ಆಸುಪಾಸು, ಎಂದರೆ ಇಂದಿನ ಒಂದು ಎಲ್.ಇ.ಡಿ. ಟ್ಯೂಬ್ ಲೈಟಿನಷ್ಟು. ನರಕೋಶದ ಕೆಲಸವನ್ನು ತಿಳಿಯಲು ಪಠ್ಯಪುಸ್ತಕದ ಚಿತ್ರಕ್ಕಿಂತ ನಮ್ಮಲ್ಲಿ ಕೆಲವರು ತರಿಸಿರುವ ಸ್ವಯಂಚಾಲಿತ ಮಳೆಮಾಪಕವೇ ಒಳ್ಳೆಯ ಉದಾಹರಣೆ. ಅದರೊಳಗೆ ತಕ್ಕಡಿಯಂತೆ ತೂಗುವ ಒಂದು ಪುಟ್ಟ ಬಟ್ಟಲು ಇರುತ್ತದೆ. ಹನಿ ಹನಿಯಾಗಿ ನೀರು ತುಂಬಿ ನಿಗದಿಯಾದ ತೂಕ ಬಂದೊಡನೆ ಬಟ್ಟಲು ಮಗುಚಿ ಒಂದು 'ಟಿಕ್' ಎಂಬ ಸಂಕೇತ ಕಳಿಸಿ ಮತ್ತೆ ಮೊದಲಿನಂತೆ ನಿಲ್ಲುತ್ತದೆ. ನರಕೋಶವೂ ಹಾಗೆಯೇ. ಸಾವಿರಾರು ಇತರ ಕೋಶಗಳಿಂದ ಬರುವ ಸಣ್ಣ ಪ್ರಚೋದನೆಗಳನ್ನು ಕೂಡಿಸಿಕೊಂಡು, ಮಿತಿ ಮುಟ್ಟಿದಾಗ ಒಂದು ವೋಲ್ಟಿನ ಹತ್ತನೇ ಒಂದು ಭಾಗದಷ್ಟು ಎತ್ತರದ, ಸೆಕೆಂಡಿನ ಸಾವಿರದ ಒಂದು ಭಾಗ ಕಾಲದ ಮಿಡಿತವನ್ನು ಮುಂದಿನವರಿಗೆ ಕಳಿಸುತ್ತದೆ. ಒಂದು ವ್ಯತ್ಯಾಸವುಂಟು. ನರಕೋಶದ ಬಟ್ಟಲಿಗೆ ತಳದಲ್ಲಿ ಸಣ್ಣ ತೂತಿದೆ. ಹನಿಗಳು ಬಿಡುವು ಕೊಟ್ಟು ಬಂದರೆ ಸೋರಿಹೋಗಿ ಬಟ್ಟಲು ಮಗುಚುವುದೇ ಇಲ್ಲ. ಒಟ್ಟಿಗೆ ಬಂದರೆ ಮಾತ್ರ ಮಗುಚುತ್ತದೆ. ಹಲವು ಕಡೆಯಿಂದ ಒಂದೇ ಹೊತ್ತಿಗೆ ಬಂದ ಸುದ್ದಿಗೆ ಬೆಲೆ ಹೆಚ್ಚು, ಬಿಡಿಬಿಡಿಯಾಗಿ ಬಂದದ್ದಕ್ಕೆ ಕಡಿಮೆ. ಇಷ್ಟು ಸರಳವಾದ ಏರ್ಪಾಟಿನಲ್ಲಿಯೇ ಗ್ರಹಿಕೆಯ ಬೀಜವಿದೆ. ಇಂತಹ ಕೋಶಗಳ ಗಣಿತವನ್ನು ಅಮೆರಿಕದ ಮೆಕಲಾಕ್ ಮತ್ತು ಪಿಟ್ಸ್ 1943ರಲ್ಲೇ ಬರೆದಿದ್ದರು. 1958ರಲ್ಲಿ ರೋಸೆನ್‌ಬ್ಲಾಟ್ ತಮ್ಮ 'ಪರ್ಸೆಪ್ಟ್ರಾನ್' ಅನ್ನು ಪ್ರಕಟಿಸಿದರು. ಮುಂದೆ ಅವರು ಕಟ್ಟಿದ ಯಂತ್ರ 400 ಬೆಳಕಿನ ಕೋಶಗಳಿಂದ ನೋಡಿ ಆಕಾರಗಳನ್ನು ಬೇರ್ಪಡಿಸಲು ಕಲಿಯಿತು.

ನಾವು ಕಛೇರಿಯಲ್ಲಿ ಬಳಸುವ ಗಣಕಯಂತ್ರ ಈ ಕ್ರಮದಲ್ಲಿ ನಡೆಯುವುದಿಲ್ಲ. 1945ರಲ್ಲಿ ಫಾನ್ ನಾಯ್ಮನ್ ಬರೆದ ವರದಿಯಲ್ಲಿನ ಮಾದರಿಯೇ ಇಂದಿಗೂ ಬಹುಮಟ್ಟಿಗೆ ಚಾಲ್ತಿಯಲ್ಲಿದೆ. ಅದರಲ್ಲಿ ನೆನಪಿನ ಉಗ್ರಾಣ ಒಂದು ಕಡೆ, ಲೆಕ್ಕ ಮಾಡುವ ಭಾಗ ಇನ್ನೊಂದು ಕಡೆ. ತೋಟದಲ್ಲಿ ಒಣಗಿಸಿದ ಚೆರಿಯನ್ನು ಲಾರಿಯಲ್ಲಿ ಕ್ಯೂರಿಂಗ್ ವರ್ಕ್ಸಿಗೆ ಸಾಗಿಸಿ, ಹಸನು ಮಾಡಿಸಿ, ಮತ್ತೆ ವಾಪಸು ತಂದು, ಮರುದಿನ ಇನ್ನೊಂದು ಮೂಟೆಗೆ ಅದೇ ಪ್ರಯಾಣ ಮಾಡಿಸಿದಂತೆ ಇದು. ಕೆಲಸಕ್ಕಿಂತ ಸಾಗಾಣಿಕೆಯ ಖರ್ಚೇ ಹೆಚ್ಚು. ಮಿದುಳಿನಲ್ಲಿ ಈ ಲಾರಿ ಬಾಡಿಗೆ ಇಲ್ಲ; ನೆನಪು ಇರುವ ಜಾಗದಲ್ಲೇ ಕೆಲಸ ನಡೆಯುತ್ತದೆ.

ಈ ಗುಟ್ಟನ್ನು ಸಿಲಿಕಾನಿನಲ್ಲಿ ಅನುಕರಿಸಲು ಹೊರಟವರಲ್ಲಿ ಮೊದಲಿಗರು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಕಾರ್ವರ್ ಮೀಡ್. 1980ರ ದಶಕದ ಕೊನೆಗೆ ಈ ವಿದ್ಯೆಗೆ 'ನ್ಯೂರೋಮಾರ್ಫಿಕ್', ಎಂದರೆ ನರರೂಪಿ, ಎಂಬ ಹೆಸರು ಬಂದದ್ದೂ ಅವರಿಂದಲೇ. ಜೀವಶಾಸ್ತ್ರ ಓದಿ ಅವರಲ್ಲಿಗೆ ಬಂದ ಮಿಶಾ ಮಹೋವಾಲ್ಡ್ ಎಂಬ ತರುಣಿ ಅಕ್ಷಿಪಟಲದ ನಕಲನ್ನು ಒಂದು ಚಿಪ್ಪಿನ ಮೇಲೆ ಕಟ್ಟಿದರು. ಆ ಕೆಲಸವನ್ನು ಇಬ್ಬರೂ ಸೇರಿ 1991ರಲ್ಲಿ ಲೋಕಕ್ಕೆ ವಿವರಿಸಿದರು.

ಅಕ್ಷಿಪಟಲದ ಸಂಗತಿ ಬೆಳೆಗಾರರಿಗೆ ರುಚಿಸುವಂಥದ್ದು. ನಮ್ಮ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ಕೋಶಗಳು 12 ಕೋಟಿಗೂ ಹೆಚ್ಚು. ಅಲ್ಲಿಂದ ಮಿದುಳಿಗೆ ಹೋಗುವ ನರದ ಎಳೆಗಳಾದರೋ ಸುಮಾರು 10 ಲಕ್ಷ ಮಾತ್ರ. ನೂರು ಜನ ಕೂಗುತ್ತಿರುವಾಗ ಒಂದೇ ತಂತಿಯಲ್ಲಿ ಸುದ್ದಿ ಕಳಿಸಬೇಕಾದ ಪರಿಸ್ಥಿತಿ. ಕಣ್ಣು ಏನು ಮಾಡುತ್ತದೆಂದರೆ, ಪ್ರತಿ ಕೋಶದ ಬೆಳಕನ್ನು ಸುತ್ತಲಿನ ನೆರೆಹೊರೆಯ ಸರಾಸರಿಯೊಂದಿಗೆ ಹೋಲಿಸಿ ವ್ಯತ್ಯಾಸವಿದ್ದರೆ ಮಾತ್ರ ಮೇಲಕ್ಕೆ ತಿಳಿಸುತ್ತದೆ. ಎಲ್ಲ ಕಡೆ ಒಂದೇ ಸಮನಾದ ಆಕಾಶವಿದ್ದರೆ ಹೇಳುವಂಥದ್ದು ಹೆಚ್ಚೇನೂ ಇಲ್ಲ; ಆಕಾಶದಲ್ಲಿ ಹದ್ದು ಹಾರಿದರೆ ಅದರ ಅಂಚು ಸುದ್ದಿಯಾಗುತ್ತದೆ. ಒಳ್ಳೆಯ ಮೇಸ್ತ್ರಿ ಸಂಜೆ ಬಂದು ವರದಿ ಹೇಳುವುದೂ ಹೀಗೆಯೇ ಅಲ್ಲವೇ? "ಹತ್ತನೇ ಪಟ್ಟೆಯ ಗಿಡಗಳೆಲ್ಲ ಸರಿಯಾಗಿವೆ, ಹನ್ನೊಂದನೆಯದೂ ಸರಿಯಾಗಿದೆ" ಎಂದು ಪಟ್ಟಿ ಓದುವುದಿಲ್ಲ. "ಕೆರೆ ಪಟ್ಟೆಯಲ್ಲಿ ಎರಡು ಸಿಲ್ವರ್ ಮರ ಬಿದ್ದಿವೆ" ಎಂದಷ್ಟೇ ಹೇಳುತ್ತಾನೆ. ಹೇಳದೆ ಬಿಟ್ಟದ್ದೆಲ್ಲ ನಿನ್ನೆಯಂತೆಯೇ ಇದೆ ಎಂದು ನಾವು ತಿಳಿಯುತ್ತೇವೆ. ಮಹೋವಾಲ್ಡ್ ಅವರ ಚಿಪ್ಪು ಈ ಮೇಸ್ತ್ರಿಯ ಕೆಲಸ ಮಾಡಿತು. ಮನುಷ್ಯನ ಕಣ್ಣಿಗೆ ಆಗುವ ಹಲವು ಭ್ರಮೆಗಳು ಆ ಚಿಪ್ಪಿಗೂ ಆದವೆಂಬುದು ಸ್ವಾರಸ್ಯದ ವಿಷಯ. ನಕಲು ಸರಿಯಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆ ಪ್ರತಿಭಾವಂತೆ 1996ರಲ್ಲಿ ಇನ್ನೂ ಮೂವತ್ತಮೂರರ ವಯಸ್ಸಿನಲ್ಲೇ ತೀರಿಕೊಂಡರು.

ಮುಂದಿನದನ್ನು ಬೇಗ ಹೇಳಿಬಿಡಬಹುದು. 2008ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಟೋಬಿ ಡೆಲ್‌ಬ್ರುಕ್ ಮತ್ತು ಸಂಗಡಿಗರು ಬದಲಾವಣೆಯನ್ನು ಮಾತ್ರ ಗುರುತಿಸುವ ಕ್ಯಾಮೆರಾವನ್ನು ಪ್ರಕಟಿಸಿದರು. ಅದರ ಪ್ರತಿಯೊಂದು ಬಿಂದುವೂ ತನ್ನ ಪಾಡಿಗೆ ಸುದ್ದಿ ಕಳಿಸುತ್ತದೆ. 2014ರಲ್ಲಿ ಐ.ಬಿ.ಎಂ. ಕಂಪೆನಿಯು 10 ಲಕ್ಷ ಕೃತಕ ನರಕೋಶಗಳ 'ಟ್ರೂನಾರ್ತ್' ಚಿಪ್ಪನ್ನು ಹೊರತಂದಿತು. ಅದು ನಡೆಯಲು ಒಂದು ವ್ಯಾಟಿನ ಹತ್ತನೇ ಒಂದು ಭಾಗವೂ ಬೇಡ. 2017ರಲ್ಲಿ ಇಂಟೆಲ್ 'ಲೋಯಿಹಿ' ತಂದಿತು. 2024ರಲ್ಲಿ ಅದರ ಎರಡನೆಯ ತಲೆಮಾರಿನ 1,152 ಚಿಪ್ಪುಗಳನ್ನು ಜೋಡಿಸಿ 115 ಕೋಟಿ ನರಕೋಶಗಳ ಯಂತ್ರವನ್ನು ಅಮೆರಿಕದ ಸಾಂಡಿಯಾ ಪ್ರಯೋಗಶಾಲೆಯಲ್ಲಿ ನಿಲ್ಲಿಸಿದರು. ಅದಕ್ಕೆ ಗರಿಷ್ಠ 2,600 ವ್ಯಾಟ್ ಬೇಕು. ಮನುಷ್ಯನಿಗಿರುವ ನರಕೋಶಗಳ ಎಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಕೋಶಗಳಿಗೆ ಮನುಷ್ಯನ ಮಿದುಳಿನ ನೂರಮೂವತ್ತು ಪಟ್ಟು ವಿದ್ಯುತ್ತು! ಯಂತ್ರಗಳು ನಾಳೆಯೇ ನಮ್ಮನ್ನು ಮೀರಿಸುತ್ತವೆ ಎನ್ನುವವರು ಈ ಲೆಕ್ಕವನ್ನೂ ನೋಡುವುದು ಒಳ್ಳೆಯದು. ಅದೇ 2024ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ನೆನಪು ಮತ್ತು ಲೆಕ್ಕ ಎರಡನ್ನೂ ಒಂದೇ ಜಾಗದಲ್ಲಿ ಮಾಡಬಲ್ಲ ಅಣುಪದರವೊಂದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮಾಮೂಲಿ ಚಿಪ್ಪಿನ ಬಿಂದು 'ಇದೆ', 'ಇಲ್ಲ' ಎಂಬ ಎರಡೇ ಸ್ಥಿತಿಯಲ್ಲಿದ್ದರೆ ಇದು 16,500 ಸ್ಥಿತಿಗಳಲ್ಲಿ ನಿಲ್ಲಬಲ್ಲದು.

ಇಷ್ಟೂ ಒಂದೇ ಪೆಟ್ಟಿಗೆಯೊಳಗಿನ ಮಾತಾಯಿತು. ಗುಡ್ಡದ ತುಂಬ ಚೆದುರಿದ ಸಂವೇದಕಗಳು ಕೂಡಿ ಒಂದು ಗ್ರಹಿಕೆಗೆ ಬರಬಲ್ಲವೇ? ಬರಬಲ್ಲವು ಎಂಬುದಕ್ಕೆ ಜೇನು ಸಾಕ್ಷಿ.

ಜೇನು ಕುಟುಂಬ ಪಾಲಾಗಿ ಹೊರಬಿದ್ದ ಹಿಂಡು ಮರದ ಕೊಂಬೆಯಲ್ಲಿ ಗೊಂಚಲಾಗಿ ಜೋತು ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಕೆಲವು ಗಂಟೆ ಅಥವಾ ಒಂದೆರಡು ದಿನದ ಮೇಲೆ ಒಮ್ಮೆಲೇ ಎದ್ದು ಎಲ್ಲಿಗೋ ಹೋಗುತ್ತದೆ. ಎಲ್ಲಿಗೆಂದು ತೀರ್ಮಾನಿಸುವವರು ಯಾರು? ರಾಣಿಯಂತೂ ಅಲ್ಲ. 1950ರ ದಶಕದಲ್ಲಿ ಜರ್ಮನಿಯ ಮಾರ್ಟಿನ್ ಲಿಂಡೌರ್ ಇದನ್ನು ಮೊದಲು ಗಮನಿಸಿದರು. ಆ ಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ಎಂಬ ಪ್ರಾಧ್ಯಾಪಕರು ಮರಗಳೇ ಇಲ್ಲದಂತಹ ಒಂದು ನಡುಗಡ್ಡೆಗೆ ಹಿಂಡುಗಳನ್ನು ಒಯ್ದು, ತಾವೇ ಮಾಡಿಸಿದ ಪೆಟ್ಟಿಗೆಗಳನ್ನಿಟ್ಟು ವರ್ಷಗಟ್ಟಲೆ ಪರೀಕ್ಷಿಸಿದರು. ಹತ್ತು ಸಾವಿರ ನೊಣಗಳ ಹಿಂಡಿನಲ್ಲಿ ಪೊಟರೆ ಹುಡುಕಲು ಹೋಗುವವು ಕೆಲವು ನೂರು ಮಾತ್ರ. ಒಳ್ಳೆಯ ಪೊಟರೆ ಕಂಡ ನೊಣ ಹಿಂತಿರುಗಿ ಬಂದು ನರ್ತಿಸುತ್ತದೆ. ಜಾಗ ಉತ್ತಮವಾದಷ್ಟೂ ಹೆಚ್ಚು ಸುತ್ತು. ಅದನ್ನು ನೋಡಿದವು ತಾವೂ ಹೋಗಿ ಪರೀಕ್ಷಿಸಿ ಬಂದು ನರ್ತಿಸುತ್ತವೆ. ಬೇರೆ ಜಾಗದ ಪರವಾಗಿ ಕುಣಿಯುವ ನೊಣಕ್ಕೆ ತಲೆಯಿಂದ ಗುದ್ದಿ ಒಂದು ಸಣ್ಣ ಸದ್ದು ಮಾಡಿ "ನಿಲ್ಲಿಸು" ಎನ್ನುವುದೂ ಉಂಟು. ಕೊನೆಗೆ ಒಂದು ಪೊಟರೆಯ ಬಳಿ ಏಕಕಾಲಕ್ಕೆ ಇಪ್ಪತ್ತು ಮೂವತ್ತು ನೊಣಗಳು ಕೂಡಿದವೆಂದರೆ ತೀರ್ಮಾನವಾದಂತೆ. 2012ರಲ್ಲಿ ಸೀಲಿ ಮತ್ತು ಸಹೋದ್ಯೋಗಿಗಳು ಬರೆದ ಲೇಖನದಲ್ಲಿ ಈ ಗುದ್ದಾಟವನ್ನು ಮಿದುಳಿನ ನರಕೋಶಗಳು ಒಂದನ್ನೊಂದು ತಡೆಹಿಡಿಯುವುದಕ್ಕೆ ಹೋಲಿಸಿದ್ದಾರೆ. ಯಾವ ಒಂದು ನೊಣವೂ ಎಲ್ಲ ಪೊಟರೆಗಳನ್ನು ನೋಡಿಲ್ಲ. ಆದರೂ ಹಿಂಡು ಬಹುತೇಕ ಸಲ ಉತ್ತಮವಾದದ್ದನ್ನೇ ಆರಿಸುತ್ತದೆ. (ನಮ್ಮ ಮಹಾಸಭೆಗಳಲ್ಲಿಯೂ ಗುದ್ದಾಟಕ್ಕೆ ಕೊರತೆಯಿಲ್ಲ, ಆದರೆ ಸ್ಥಳ ಪರೀಕ್ಷಿಸಿ ಬಂದು ಮಾತಾಡುವವರು ಕಡಿಮೆ.)

ಯಂತ್ರಗಳ ಜಾಲದ ವಿಷಯಕ್ಕೆ ಬರೋಣ. 1990ರ ದಶಕದ ಕೊನೆಗೆ ಅಮೆರಿಕದ ಬರ್ಕ್ಲಿಯಲ್ಲಿ ಕ್ರಿಸ್ ಪಿಸ್ಟರ್ ಎಂಬವರು 'ಜಾಣ ಧೂಳು' ಎಂಬ ಕಲ್ಪನೆಯನ್ನು ಮುಂದಿಟ್ಟರು. ಅಳೆಯುವ, ಲೆಕ್ಕ ಮಾಡುವ, ರೇಡಿಯೋ ಮೂಲಕ ನೆರೆಯವನಿಗೆ ತಿಳಿಸುವ ಪುಟ್ಟ ಸಾಧನಗಳನ್ನು ಬೀಜದಂತೆ ಚೆಲ್ಲುವುದು. ಧೂಳಿನಷ್ಟು ಚಿಕ್ಕದಾಗಲಿಲ್ಲವಾದರೂ ಬೆಂಕಿಪೆಟ್ಟಿಗೆಯ ಗಾತ್ರದವು ಬಂದವು. ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಸುಮಾರು 70 ಮೀಟರ್ ಎತ್ತರದ ಒಂದು ರೆಡ್‌ವುಡ್ ಮರಕ್ಕೆ ಸುಮಾರು ಎರಡೆರಡು ಮೀಟರಿಗೆ ಒಂದರಂತೆ ಕಟ್ಟಿ, 44 ದಿನ ಐದೈದು ನಿಮಿಷಕ್ಕೆ ಉಷ್ಣಾಂಶ, ಆರ್ದ್ರತೆ, ಬೆಳಕು ಅಳೆದು 2005ರಲ್ಲಿ ವರದಿ ಮಾಡಿದರು. ಮರದ ತುದಿಯ ಹವೆಯೇ ಬೇರೆ, ಕೆಳಗಿನ ಹವೆಯೇ ಬೇರೆ. ದಿನದ ಯಾವ ಹೊತ್ತಿನಲ್ಲಿ ಯಾವುದು ಎಷ್ಟು ಏರುಪೇರಾಗುತ್ತದೆಂಬುದು ಒಂದು ಚಲಿಸುವ ಚಿತ್ರವಾಗಿ ಕಂಡಿತು. ನೆರಳಿನಡಿ ಕಾಫಿ ಬೆಳೆಯುವ ನಮಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ನಮ್ಮ ರಾಜ್ಯದಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಒಂದು ವಿಶ್ವವಿದ್ಯಾಲಯದ ಜೊತೆಗೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಶ್ರಿತ ರೈತರಿಗಾಗಿ ಮಣ್ಣಿನ ತೇವ ಅಳೆಯುವ ಜಾಲವನ್ನು ಎರಡು ಸಾವಿರದ ಮೊದಲ ದಶಕದಲ್ಲೇ ಪ್ರಯೋಗಿಸಿದ್ದರು.

ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮುನ್ನಾರಿನ ಉದಾಹರಣೆ. ಅಮೃತ ವಿಶ್ವವಿದ್ಯಾಲಯದವರು ಅಲ್ಲಿನ ಆಂಥೋನಿಯಾರ್ ಕಾಲೋನಿಯ ಇಳಿಜಾರಿನಲ್ಲಿ ಕೊಳವೆಗಳನ್ನು ಕೊರೆದು ಭೂಮಿಯೊಳಗೆ ಸಂವೇದಕಗಳನ್ನು ಇಳಿಸಿದರು. ಮಳೆ ಎಷ್ಟು ಬಿತ್ತು, ಮಣ್ಣಿನ ತೇವ ಎಷ್ಟು, ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಎಷ್ಟು, ಕೊಳವೆ ಎಷ್ಟು ವಾಲಿದೆ, ನೆಲ ಎಷ್ಟು ಕಂಪಿಸುತ್ತಿದೆ – ಇವೆಲ್ಲ ಒಂದೇ ಜಾಲದಲ್ಲಿ. ಗುಡ್ಡ ಜಾರುವುದು ಮಳೆಯಿಂದ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನಿಜವಾಗಿ ಜಾರಿಸುವುದು ಮಣ್ಣಿನೊಳಗಿನ ನೀರಿನ ಒತ್ತಡ. ನೀರು ತುಂಬಿದಂತೆಲ್ಲ ಕಣಕ್ಕೂ ಕಣಕ್ಕೂ ನಡುವಿನ ಹಿಡಿತ ಸಡಿಲವಾಗಿ, ಮೇಲಿನ ಭಾರವನ್ನು ತಡೆಯುವ ಶಕ್ತಿ ಕುಂದುತ್ತದೆ. ಒಂದೇ ರಾತ್ರಿಯ ನಾಲ್ಕು ಇಂಚು ಒಣ ಮಣ್ಣಿನ ಮೇಲೆ ಬಿದ್ದರೆ ಅಪಾಯ ಕಡಿಮೆ. ಹದಿನೈದು ದಿನ ನೆನೆದ ಗುಡ್ಡದ ಮೇಲೆ ಬಿದ್ದರೆ ಮಾತೇ ಬೇರೆ. ಆದ್ದರಿಂದ ಮಳೆಯ ಅಂಕಿ ಒಂದರಿಂದಲೇ ಗ್ರಹಿಕೆಯಾಗದು. ಮಳೆ, ತೇವ, ಒತ್ತಡ, ವಾಲುವಿಕೆ ಒಂದರ ಹಿಂದೊಂದು ಏರಿದಾಗ ಜಾಲವೂ ಎಚ್ಚರಿಕೆಯ ಮಟ್ಟವನ್ನು ಒಂದೊಂದೇ ಮೆಟ್ಟಿಲು ಏರಿಸುತ್ತದೆ. 2009ರ ಮಳೆಗಾಲದಲ್ಲಿ ಈ ಜಾಲದಿಂದ ಎಚ್ಚರಿಕೆ ಹೊರಟಿತು.

ಹಾಗೆಂದು ಮುನ್ನಾರಿಗೆ ರಕ್ಷಣೆ ಸಿಕ್ಕಿತೆನ್ನುವಂತಿಲ್ಲ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನಾಚೆಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಚಹಾ ತೋಟದ ಲೈನ್ ಮನೆಗಳು ಕೊಚ್ಚಿಹೋದವು; ಸುಮಾರು 70 ಮಂದಿ ಸತ್ತರು. ಆಂಥೋನಿಯಾರ್ ಕಾಲೋನಿಯ ಸಂವೇದಕಗಳಿಗೆ ಪೆಟ್ಟಿಮುಡಿ ಕಾಣದು. ಬೆರಳು ತಾಗದ ಜಾಗದ ಬಿಸಿ ಕೈಗೆ ತಿಳಿಯದಷ್ಟೆ.

ವಯನಾಡಿನ ಸಂಗತಿ ಇನ್ನೂ ಯೋಚಿಸತಕ್ಕದ್ದು. ಕಲ್ಪೆಟ್ಟದ ಹ್ಯೂಮ್ ಕೇಂದ್ರ ಎಂಬ ಸಂಸ್ಥೆಯವರು ಆ ಜಿಲ್ಲೆಯಲ್ಲೆಲ್ಲ ರೈತರ, ತೋಟದವರ ಜಮೀನುಗಳಲ್ಲಿ ಸುಮಾರು 200 ಮಳೆಮಾಪನ ಸ್ಥಳಗಳ ಜಾಲವನ್ನು ಕಟ್ಟಿದ್ದರು. ಬಹು ಸರಳವಾದ ಏರ್ಪಾಟು. ನಮ್ಮ ಮನೆಯಂಗಳದಲ್ಲಿರುವಂತಹ ಮಾಪಕಗಳೇ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಇಳಿಯಿತು. ಎರಡು ದಿನಗಳಲ್ಲಿ 572 ಮಿಲಿಮೀಟರ್ ಮಳೆ, ಎಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಇಂಚು. ಇನ್ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಿಂದಿನ ದಿನ ಬೆಳಿಗ್ಗೆಯೇ ಅಪಾಯವನ್ನು ಜಿಲ್ಲಾಡಳಿತಕ್ಕೆ ತಿಳಿಸಿದ್ದಾಗಿ ಆ ಕೇಂದ್ರದವರು ಹೇಳಿದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ. ಆ ಮೇಲಿನ ವಾದ ವಿವಾದಗಳು ನಮಗೆ ಬೇಡ. ಅಂಗಳದ ಮಾಪಕಗಳು ಕೂಡಿದರೆ ಒಂದು ಗುಡ್ಡದ ಸ್ಥಿತಿಯನ್ನು ಗ್ರಹಿಸಬಲ್ಲವು ಎಂಬುದಂತೂ ಅಲ್ಲಿ ಸ್ಪಷ್ಟವಾಯಿತು. ಗ್ರಹಿಕೆಯಾದ ಮೇಲೆ ಕಾಲು ಏಳಬೇಕಲ್ಲ, ಆ ನರ ಬೇರೆ. ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ತೋಟಗಳೇ ಇಳಿದುಹೋದದ್ದನ್ನು ಕಂಡ ನಮಗೆ ಇದು ಪರರಾಜ್ಯದ ಸುದ್ದಿಯಲ್ಲ.

ಮಿದುಳಿನಿಂದ ಕಲಿತದ್ದು ಇಂತಹ ಜಾಲಗಳಲ್ಲಿ ಎಲ್ಲಿ ಪ್ರಯೋಜನಕ್ಕೆ ಬರುತ್ತದೆ? ಎರಡು ಕಡೆ ಎಂದು ನನಗೆ ತೋರುತ್ತದೆ. ಒಂದನೆಯದು ಬ್ಯಾಟರಿ. ಗುಡ್ಡದ ಮೇಲಿನ ಪೆಟ್ಟಿಗೆಗೆ ಅಳೆಯುವುದು ಅಗ್ಗ, ರೇಡಿಯೋದಲ್ಲಿ ಹೇಳುವುದು ದುಬಾರಿ. ಆಟಿ ತಿಂಗಳ ಮೋಡದಲ್ಲಿ ಸೋಲಾರ್ ಫಲಕ ವಾರಗಟ್ಟಲೆ ಕುರುಡು. ಆದ್ದರಿಂದ ಅಕ್ಷಿಪಟಲದಂತೆ ಬದಲಾವಣೆಯಾದಾಗ ಮಾತ್ರ ಹೇಳುವ ಪೆಟ್ಟಿಗೆ ಹೆಚ್ಚು ದಿನ ಬಾಳುತ್ತದೆ. ಆದರೆ ಸುಮ್ಮನಿರುವ ಪೆಟ್ಟಿಗೆ ಕ್ಷೇಮವಾಗಿದೆಯೋ, ಮುಳ್ಳುಹಂದಿ ತಂತಿ ಕಡಿದು ಸತ್ತಿದೆಯೋ ತಿಳಿಯುವುದು ಹೇಗೆ? ಅದಕ್ಕೆ ಗಂಟೆಗೊಮ್ಮೆ ಕಾವಲುಗಾರ ಕೂಗು ಹಾಕುವಂತೆ ಒಂದು 'ಇದ್ದೇನೆ' ಎಂಬ ಸಂಕೇತ ಬೇಕು. ಎರಡನೆಯದು ಸುಳ್ಳು ಸುದ್ದಿ. ಒಂಬತ್ತು ಮಾಪಕಗಳಲ್ಲಿ ಎಂಟು ನಾಲ್ಕು ಇಂಚು ಎನ್ನುತ್ತಿರುವಾಗ ಒಂದು ಮಾತ್ರ ಸೊನ್ನೆ ಎಂದರೆ ಅಲ್ಲಿ ಮಳೆ ಬಂದಿಲ್ಲ ಎಂದು ತಿಳಿಯುವುದು ಅಳತೆ. ಬಾಯಿಗೆ ಎಲೆ ಬಿದ್ದಿದೆ, ಇಲ್ಲವೇ ಇರುವೆ ಗೂಡು ಕಟ್ಟಿದೆ ಎಂದು ಸಂಶಯಿಸುವುದು ಗ್ರಹಿಕೆ. ನರಕೋಶಗಳು ದಿನವೂ ಕೆಡುತ್ತಿದ್ದರೂ ಮಿದುಳು ನಡೆಯುವುದು ಹೀಗೆ ನೆರೆಯವರನ್ನು ಕೇಳಿಕೊಂಡೇ.

ಕೊಳೆರೋಗಕ್ಕೂ ಇದೇ ವಿಚಾರ ಅನ್ವಯಿಸುತ್ತದೆ. ತಣ್ಣನೆಯ ಹವೆ, ಶೇ. 90ಕ್ಕೂ ಮೀರಿದ ಆರ್ದ್ರತೆ, ನಡುನಡುವೆ ಬಿಸಿಲು ಬಿಟ್ಟು ಬಿಟ್ಟು ಬರುವ ಮಳೆ, ಗೊನೆಯ ಮೇಲೆ ಆರದ ತೇವ – ಇವು ಕೂಡಿದಾಗ ರೋಗ ಹಬ್ಬುತ್ತದೆ. ಮುಂಗಾರಿಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಶೇ. 1ರ ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ಬಿಡಬಾರದು. ಆದರೆ ಮರ ಹತ್ತುವವರು ಸಿಗದ ಈ ಕಾಲದಲ್ಲಿ ಎರಡನೆಯ ಸಿಂಪಡಣೆ ಯಾವ ಮಗ್ಗುಲಿನ ತೋಟಕ್ಕೆ ಮೊದಲು ಎಂಬುದನ್ನು ಇಂತಹ ಜಾಲ ಹೇಳಿದರೆ ಕೆಲವು ಗೊನೆಗಳಾದರೂ ಉಳಿದಾವು. ಆನೆಯ ವಿಷಯದಲ್ಲಿ ತಮಿಳುನಾಡಿನ ವಾಲ್ಪಾರೈಯಲ್ಲಿ ಮೊಬೈಲ್ ಸಂದೇಶ ಮತ್ತು ಕೆಂಪು ದೀಪಗಳಿಂದ ತೋಟದ ಜನರನ್ನು ಎಚ್ಚರಿಸುವ ಏರ್ಪಾಟು 2011ರ ಸುಮಾರಿಗೆ ಆರಂಭವಾಯಿತು. ಅಲ್ಲಿ ಆನೆಯನ್ನು ಕಂಡ ಜನರೇ ಸಂವೇದಕಗಳು.

ಇನ್ನು ಮಹಾಸಭೆಯ ವಿಷಯ. ಒಂದು ಖಾಸಗಿ ಕಂಪೆನಿಯವರು ನಮ್ಮ ಸದಸ್ಯರ ತೋಟಗಳಲ್ಲಿ ಮಣ್ಣಿನ ತೇವ, ಎಲೆಯ ತೇವ, ಮಳೆ, ಉಷ್ಣಾಂಶ ಅಳೆಯುವ ಕಂಬಗಳನ್ನು ಮೂರು ವರ್ಷ ಉಚಿತವಾಗಿ ನಿಲ್ಲಿಸಿಕೊಡುವುದಾಗಿ ಬರೆದಿದ್ದಾರೆ. ನೀರು ಯಾವಾಗ ಹಾಯಿಸಬೇಕು, ಯಾವಾಗ ಸಿಂಪಡಿಸಬೇಕು ಎಂಬ ಸಂದೇಶ ಸದಸ್ಯರ ಮೊಬೈಲಿಗೆ ಬರುತ್ತದೆ. ಮೂರು ವರ್ಷದ ನಂತರ ವಾರ್ಷಿಕ ಶುಲ್ಕ. ಕರಾರಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ, ಸಂಗ್ರಹವಾದ ಅಂಕಿಗಳೆಲ್ಲ ಕಂಪೆನಿಯ ಸ್ವತ್ತು ಎಂದಿದೆ.

ಕಂಬಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಗ್ರಹಿಕೆ ಎಂಬುದು ಬೆರಳ ತುದಿಯಲ್ಲಿ ಹುಟ್ಟುವುದಿಲ್ಲ, ಎಳೆಗಳೆಲ್ಲ ಕೂಡುವ ಜಾಗದಲ್ಲಿ ಹುಟ್ಟುತ್ತದೆ ಎಂಬುದನ್ನು ಮೇಲೆ ನೋಡಿದೆವು. ಈ ಏರ್ಪಾಟಿನಲ್ಲಿ ನಾವು ಬೆರಳುಗಳು, ಕೂಡುವ ಜಾಗ ಅವರದು. ನನ್ನ ತೋಟದಲ್ಲಿ ಹೂಮಳೆ ಎಂದು ಬಿತ್ತು, ಬೆಂಬಲದ ಮಳೆ ಸಕಾಲಕ್ಕೆ ಬಂತೇ ಎಂಬುದು ನನಗೆ ಗೊತ್ತು. ಇಡೀ ತಾಲ್ಲೂಕಿನ ನಾನೂರು ತೋಟಗಳಲ್ಲಿ ಹೇಗೆ ಎಂಬುದು ಅವರಿಗೆ ಮಾತ್ರ ಗೊತ್ತಾಗುತ್ತದೆ. ಎಂದರೆ ಮುಂದಿನ ಫಸಲಿನ ಅಂದಾಜು ಬೆಳೆದವನಿಗಿಂತ ಎಂಟು ತಿಂಗಳು ಮೊದಲೇ ಕೊಳ್ಳುವವನ ಕೈಗೆ ಮಾರಾಟವಾಗಬಹುದು. ವ್ಯಾಪಾರಿಗಳ ಅಂದಾಜಿನ ಮಾತು ಕೇಳಿ ಮೂಟೆ ಕೊಟ್ಟು, ಆ ಮೇಲೆ ದರ ಏರಿದ್ದನ್ನು ನೋಡಿದ ಸದಸ್ಯರು ನಮ್ಮಲ್ಲಿ ಎಷ್ಟು ಜನರಿಲ್ಲ?

ಆಡಳಿತ ಮಂಡಳಿಯು ಇದನ್ನು ಚರ್ಚಿಸಿ, ಅಂಕಿಗಳೆಲ್ಲ ಅದೇ ಹೊತ್ತಿಗೆ ಸಂಘದ ಗಣಕಯಂತ್ರಕ್ಕೂ ಬರಬೇಕು, ಸದಸ್ಯರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಕೊಡಬಾರದು, ಬಿಟ್ಟುಹೋಗುವ ಸದಸ್ಯನ ಹಳೆಯ ಅಂಕಿಗಳನ್ನು ಅವನಿಗೇ ಹಿಂತಿರುಗಿಸಬೇಕು ಎಂಬ ಷರತ್ತುಗಳನ್ನು ಬರೆದು ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ಷರತ್ತು ಒಪ್ಪದಿದ್ದರೆ ಕರಾರಿಗೆ ಸಹಿ ಹಾಕಬಾರದೆಂದು ನನ್ನ ಸ್ವಂತ ಅಭಿಪ್ರಾಯ. ಉಚಿತವೆಂದು ಕೆಲವರು ಬೇರೆ ರೀತಿ ಯೋಚಿಸುತ್ತಿದ್ದಾರೆ, ಅವರ ವಾದವನ್ನೂ ಮಹಾಸಭೆ ಕೇಳಬೇಕು. ಸಣ್ಣ ಹಿಡುವಳಿದಾರನಿಗೆ ಅಂತಹ ಕಂಬ ಸ್ವಂತ ಖರ್ಚಿನಲ್ಲಿ ಎಟುಕುವಂಥದ್ದಲ್ಲ ಎಂಬ ಅವರ ಮಾತಿನಲ್ಲಿ ಹುರುಳಿದೆ.

ಅದೇನೇ ತೀರ್ಮಾನವಾದರೂ ಈ ಮಳೆಗಾಲದಿಂದ ಒಂದು ಕೆಲಸವನ್ನು ನಾವೇ ಆರಂಭಿಸಲಿದ್ದೇವೆ. ಹಳ್ಳದ ಎರಡೂ ಮಗ್ಗುಲಿನ ಸದಸ್ಯರು ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8-30ಕ್ಕೆ ಮಳೆ ಅಳೆದು ಸಂಘದ ಕಛೇರಿಗೆ ಫೋನಿನಲ್ಲಿ ತಿಳಿಸಬೇಕು. ರಾತ್ರಿ ಮಳೆ ಹಿಡಿದುಕೊಂಡರೆ ಮೇಲ್ಬದಿಯವರು ಮೂರು ಗಂಟೆಗೊಮ್ಮೆ ನೋಡಿ ಕೆಳಗಿನವರಿಗೆ ನೇರವಾಗಿಯೇ ಹೇಳಬೇಕು, ಕಛೇರಿ ತೆರೆಯುವವರೆಗೆ ಕಾಯಬಾರದು. ಗುಡ್ಡದಲ್ಲಿ ಹೊಸ ಬಿರುಕು, ವಾಲಿದ ಮರ, ಎಂದೂ ಇಲ್ಲದ ಕಡೆ ಒರತೆ, ಇದ್ದಕ್ಕಿದ್ದಂತೆ ಕೆಂಪಾದ ನೀರು, ಇವೂ ಅಂಕಿಗಳಷ್ಟೇ ಮುಖ್ಯ. ಅಂಕಿ ಬಾರದ ದಿನ ಗುಮಾಸ್ತರು ಆ ಮನೆಗೆ ಫೋನು ಮಾಡಿ ವಿಚಾರಿಸುತ್ತಾರೆ. ಹಳೆಯ ಮಳೆ ಪುಸ್ತಕಗಳನ್ನು ಕಛೇರಿಗೆ ತಂದುಕೊಟ್ಟರೆ ನಕಲು ತೆಗೆದು ಅದೇ ದಿನ ಹಿಂತಿರುಗಿಸಲಾಗುವುದು. ಹಳ್ಳ ಹುಟ್ಟುವ ಕಡೆಯ ಎರಡು ಮಗ್ಗುಲುಗಳಲ್ಲಿ ಸದ್ಯ ಯಾರ ಮಾಪಕವೂ ಇಲ್ಲ. ಅಲ್ಲಿ ಇಟ್ಟು ನೋಡಿಕೊಳ್ಳಲು ಒಪ್ಪುವ ಸದಸ್ಯರು ಮೇ ತಿಂಗಳ ಕೊನೆಯೊಳಗೆ ತಿಳಿಸಿದರೆ ಮಾಪಕವನ್ನು ಸಂಘದ ವತಿಯಿಂದಲೇ ಒದಗಿಸಲಾಗುವುದು.